ಗಣಿ ನಿಂತ ದಿನ ನನ್ನ ಶೆಡ್ಡಿನಲ್ಲಿ 34 ಜನರಿದ್ದರು

ಕಬ್ಬಿಣದ ಅದಿರು ತುಂಬಿದ ಲಾರಿಯನ್ನು ದೂರದಿಂದ ನೋಡಿದರೆ ಅರ್ಧ ಖಾಲಿ ಇದ್ದಂತೆ ಕಾಣುತ್ತದೆ. ಮರಳೋ ಜಲ್ಲಿಯೋ ಆದರೆ ಬಾಡಿಯ ಅಂಚಿನವರೆಗೂ ಬಂದು ನಿಲ್ಲುತ್ತದೆ. ಅದಿರು ಹಾಗಲ್ಲ. ತಳದಲ್ಲಿ ಮೊಣಕಾಲೆತ್ತರ ಬಿದ್ದರೆ ಸಾಕು, ಕಾನೂನು ಒಪ್ಪುವ ತೂಕ ಮುಗಿದಿರುತ್ತದೆ. ಆಗ ಹತ್ತು ಚಕ್ರದ ಲಾರಿಗೆ ಸರಕೂ ಸೇರಿ 25 ಟನ್ನಿನ ಮಿತಿ ಇತ್ತು. ಲಾರಿಯದೇ ಒಂಬತ್ತು ಹತ್ತು ಟನ್ ಕಳೆದರೆ ಉಳಿಯುವುದು ಹದಿನೈದು ಹದಿನಾರು. ಕಣ್ಣೆದುರು ಅಷ್ಟು ಜಾಗ ಖಾಲಿ ಕಾಣುವಾಗ ಅಲ್ಲಿಗೇ ನಿಲ್ಲಿಸಲು ಯಾರಿಗೂ ಮನಸ್ಸಾಗುತ್ತಿರಲಿಲ್ಲ. ಇನ್ನೂ ಎಂಟು ಟನ್ ಹಾಕು, ಹತ್ತು ಟನ್ ಹಾಕು ಎನ್ನುವರು. ಅಷ್ಟು ಹಾಕಿದರೆ ಲಾರಿಯ ಭಾರ ಹೊರುವ ಕಮಾನು ಪಟ್ಟಿ ಕೂತುಬಿಡುತ್ತದೆ, ಕೆಳಗಿನ ಚೌಕಟ್ಟು, ಅಂದರೆ ಚಾಸಿ, ಬಾಗುತ್ತದೆ. ಆಗ ಲಾರಿ ನಮ್ಮ ವರ್ಕ್‌ಶಾಪಿಗೆ ಬರುತ್ತಿತ್ತು. ನಾವು ಎರಡೋ ಮೂರೋ ಪಟ್ಟಿ ಹೆಚ್ಚಿಗೆ ಕಟ್ಟಿ, ಚಾಸಿಗೆ ಒಳಗಡೆ ಪ್ಲೇಟ್ ಬೆಸೆದು ಕಳಿಸುತ್ತಿದ್ದೆವು. ಹೊಸಪೇಟೆಯಲ್ಲಿ ನಾನು ದೊಡ್ಡವನಾದದ್ದು ಈ ಕೆಲಸದಿಂದ.

ನಮ್ಮದು ಕೂಡ್ಲಿಗಿ ಕಡೆಯ ಕಮ್ಮಾರರ ಮನೆ. ಅಪ್ಪ ನೇಗಿಲಿಗೆ ಕುಡ ಬಡಿದು, ಬಂಡಿಯ ಗಾಲಿಗೆ ಪಟ್ಟಾ ಹಾಕಿ ನಮ್ಮನ್ನು ಸಾಕಿದರು. 1998ರಲ್ಲಿ ಎರಡು ವೆಲ್ಡಿಂಗ್ ಸೆಟ್ ಇಟ್ಟುಕೊಂಡು ಹೊಸಪೇಟೆಯಲ್ಲಿ ಶೆಡ್ ಹಾಕಿದೆ. ಕಬ್ಬಿನ ಟ್ರಾಕ್ಟರ್ ಟ್ರೇಲರ್, ಗೇಟು, ಗ್ರಿಲ್ಲು, ಬಾಳೆ ತೋಟದವರ ಪಂಪ್‌ಸೆಟ್ಟಿನ ಸ್ಟ್ಯಾಂಡು ಮಾಡಿಕೊಂಡು ಮೂರು ಜನರ ಹೊಟ್ಟೆ ತುಂಬುತ್ತಿತ್ತು. 2003ರ ಹೊತ್ತಿಗೆ ಚೀನಾ ಅದಿರು ಕೊಳ್ಳತೊಡಗಿತು. ಬೀಜಿಂಗ್ ಒಲಿಂಪಿಕ್ಸ್‌ಗೆ ಅಲ್ಲಿ ಊರುಗಳೇ ಏಳುತ್ತಿದ್ದವು. ಅಲ್ಲಿಯವರೆಗೆ ಯಾರೂ ಮುಟ್ಟದೆ ಗುಡ್ಡದ ಬದಿಗೆ ಸುರಿದಿದ್ದ ಪುಡಿ ಅದಿರು, ನಮ್ಮವರು ಫೈನ್ಸ್ ಅನ್ನುವುದು, ಅದಕ್ಕೂ ರೇಟು ಬಂತು. ಸಂಡೂರು, ಹೊಸಪೇಟೆ, ಬಳ್ಳಾರಿ ಮೂರೂ ತಾಲ್ಲೂಕಿನ ರಸ್ತೆಗಳು ಲಾರಿಯಿಂದ ತುಂಬಿಹೋದವು. ಮನೆಯಲ್ಲಿ ಬಿಳಿ ಬಟ್ಟೆ ಕೊಳ್ಳುವುದನ್ನು ಬಿಟ್ಟೆವು. ಬೆಳಿಗ್ಗೆ ಒಣಹಾಕಿದ ಪಂಚೆ ಸಂಜೆಗೆ ಇಟ್ಟಿಗೆ ಬಣ್ಣವಾಗುತ್ತಿತ್ತು.

2004ರಲ್ಲಿ ಒಬ್ಬರು ಸುತ್ತಿಗೆಗೆ ಆರ್ಡರ್ ಕೊಟ್ಟರು. ಪಟ್ಟಾ ಜಮೀನುಗಳಲ್ಲಿ ರೈತರು ಬೆಳೆ ಬಿಟ್ಟು ಮೇಲ್ಪದರದ ಅದಿರು ತೆಗೆಯಲು ಹೊಲ ಗುತ್ತಿಗೆ ಕೊಡುತ್ತಿದ್ದ ಕಾಲ ಅದು. ಹಿಡಿಕೆ ಸಣ್ಣದಿರಲಿ, ತೂಕ ಕಡಿಮೆ ಇರಲಿ ಎಂದಿದ್ದರು. ನೂರಾರು ಮಾಡಿಕೊಟ್ಟೆ. ಯಾರ ಕೈಗೆ ಅಂತ ಕೇಳಲಿಲ್ಲ. ಒಂದು ದಿನ ಬಿಲ್ಲಿನ ಹಣಕ್ಕೆಂದು ಆ ಹೊಲಕ್ಕೇ ಹೋದಾಗ ಕಂಡೆ. ತಾಯಂದಿರ ಪಕ್ಕದಲ್ಲಿ ಕೂತು ಎಂಟು ಹತ್ತು ವರ್ಷದ ಮಕ್ಕಳು ಆ ಸುತ್ತಿಗೆಯಲ್ಲಿ ಕಲ್ಲು ಒಡೆಯುತ್ತಿದ್ದರು. ಆ ಮೇಲೆ ಸುತ್ತಿಗೆ ಮಾಡಲಿಲ್ಲ. ಆದರೆ ಆಗಲೇ ಕೊಟ್ಟದ್ದು ಕೊಟ್ಟಾಗಿತ್ತು. ಇದನ್ನು ಬಿಟ್ಟು ಉಳಿದ ಕತೆ ಹೇಳಿದರೆ ತಪ್ಪಾಗುತ್ತದೆ.

ದುಡ್ಡು ಹರಿಯುವ ಕಾಲದಲ್ಲಿ ವ್ಯವಹಾರ ನಡೆಸುವುದು ಸುಲಭ ಎಂದು ಹೊರಗಿನವರು ತಿಳಿಯುತ್ತಾರೆ. ಕೆಲಸ ಹುಡುಕಿಕೊಂಡು ಹೋಗಬೇಕಿಲ್ಲ ನಿಜ. ಆದರೆ ಕೆಲಸಗಾರ ನಿಲ್ಲುವುದಿಲ್ಲ. ನಾನು ಕೈಹಿಡಿದು ಕಲಿಸಿದ ವೆಲ್ಡರ್ ಸೋಮವಾರ ನನ್ನಲ್ಲಿ, ಗುರುವಾರ ಅದಿರು ಒಡೆಯುವ ಕ್ರಷರ್‌ನಲ್ಲಿ, ಮುಂದಿನ ತಿಂಗಳು ತಾನೇ ಲಾರಿ ಮಾಲೀಕ. ಫೈನಾನ್ಸಿನವರು ಶೆಡ್ಡಿನ ಬಾಗಿಲಿಗೇ ಫಾರ್ಮ್ ಹಿಡಿದು ಬರುತ್ತಿದ್ದರು. ಹೀಗೆ ಬಿಟ್ಟುಹೋದವರ ಜಾಗಕ್ಕೆ ಸಂಬಳ ಏರಿಸಿ ಏರಿಸಿ ಹೊಸಬರನ್ನು ತರುತ್ತಿದ್ದೆ. ಆಮೇಲೆ ಗೊತ್ತಾಯಿತು, ಕ್ರಷರ್‌ನವರಷ್ಟು ಸಂಬಳ ನಾನು ಎಂದೂ ಕೊಡಲಾರೆ. ಅವರು ಕೊಡಲಾರದ್ದು ಏನಿದೆ ಎಂದು ಯೋಚಿಸಿದೆ. ನನಗೆ ಹೊಳೆದದ್ದು ಎರಡೇ: ವಾರಕ್ಕೊಂದು ದಿನ ಖಾತ್ರಿ ರಜೆ, ಮತ್ತು ಪಿಎಫ್, ಅಂದರೆ ಭವಿಷ್ಯ ನಿಧಿ.

2006ರಲ್ಲಿ ನಮ್ಮ ಜನ ಇಪ್ಪತ್ತು ದಾಟಿದ್ದರು, ಪಿಎಫ್ ಹೇಗೂ ಕಡ್ಡಾಯ. ಆದರೂ ಸುತ್ತಮುತ್ತ ಯಾರೂ ಕಟ್ಟುತ್ತಿರಲಿಲ್ಲ. ನಾನು ಕಟ್ಟುತ್ತೇನೆ ಎಂದಾಗ ನನ್ನ ಹುಡುಗರೇ ಸಿಟ್ಟಾದರು. ನೂರಕ್ಕೆ ಹನ್ನೆರಡು ಹಿಡಿಯುತ್ತೀರಿ, ಅದು ಎಲ್ಲಿಗೆ ಹೋಗುತ್ತದೋ ಯಾರಿಗೆ ಗೊತ್ತು, ಕೈಗೇ ಕೊಡ್ರಿ ಎಂದರು. ಆರು ಜನ ಇದೇ ಕಾರಣಕ್ಕೆ ಬಿಟ್ಟರು. ಉಳಿದವರಿಗೆ ಪ್ರತಿ ವರ್ಷ ಚೀಟಿ ಓದಿ ಹೇಳುತ್ತಿದ್ದೆ: ನಿನ್ನದು ಇಷ್ಟು, ನಾನು ಹಾಕಿದ್ದು ಇಷ್ಟು. ಐದು ವರ್ಷ ಕಳೆದ ಮೇಲೆ ಈ ಚೀಟಿ ಏನಾಯಿತು ಎಂಬುದನ್ನು ಮುಂದೆ ಹೇಳುತ್ತೇನೆ.

2007ರ ಮಳೆಗಾಲ. ನಾವು ಪಟ್ಟಿ ಕಟ್ಟಿಕೊಟ್ಟ ಲಾರಿಯೊಂದು ಬೇಲೇಕೇರಿ ಬಂದರಿಗೆ ಹೋಗುತ್ತಾ ಅರಬೈಲ್ ಘಾಟಿನಲ್ಲಿ ಬ್ರೇಕ್ ಹಿಡಿಯದೆ ಗುಡ್ಡಕ್ಕೆ ಬಡಿಯಿತು. ಯಲ್ಲಾಪುರ ದಾಟಿ ಅಂಕೋಲಾ ಕಡೆ ಇಳಿಯುವ ಆ ಇಳಿಜಾರು ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ. ಡ್ರೈವರ್ ಉಳಿದ. ಕ್ಲೀನರ್ ಹುಡುಗನ ಬಲಗಾಲು ಹೋಯಿತು, ಅವನಿಗೆ ಹತ್ತೊಂಬತ್ತು. ಇಪ್ಪತ್ತು ದಿನಕ್ಕೆ ಅದೇ ಲಾರಿಯನ್ನು ಕ್ರೇನಿನಲ್ಲಿ ಎಳೆದು ತಂದು ನಮ್ಮ ಶೆಡ್ಡಿನ ಮುಂದೆ ನಿಲ್ಲಿಸಿದರು. ಮಾಲೀಕರಿಗೆ ಹದಿನೆಂಟು ಲಾರಿ ಇದ್ದವು, ಎಲ್ಲವೂ ನಮ್ಮಲ್ಲೇ. "ಮೊದಲಿನಂಗ ಪಟ್ಟಿ ಕಟ್ಟಿ ಕೊಡ್ರಿ, ಶುಕ್ರವಾರ ಲೋಡ್ ಐತಿ" ಎಂದರು.

ನಮ್ಮ ಹಿರಿಯ ಮೇಸ್ತ್ರಿ ಅಪ್ಪನ ಜೊತೆ ಕುಲುಮೆಯಲ್ಲಿ ಕೂತವರು. ನಾನು ಅವರನ್ನು ಕಾಕಾ ಅನ್ನುವುದು. ಅವರು ಲಾರಿಯ ಹಿಂದಿನ ಹಬ್ ಬಿಚ್ಚಿ ಬ್ರೇಕ್ ಡ್ರಮ್ ಕೈಯಲ್ಲಿ ಹಿಡಿದುಕೊಂಡು ನನ್ನ ಟೇಬಲ್ಲಿಗೆ ಬಂದರು. ಡ್ರಮ್ ಕಾದು ನೀಲಿಯಾಗಿ ಬಿರುಕು ಬಿಟ್ಟಿತ್ತು.

"ತಮ್ಮಾ, ಪಟ್ಟಿ ನಾವು ಹೆಚ್ಚಿಗಿ ಕಟ್ಟಿದಿವಿ. ಬ್ರೇಕು ಕಂಪನಿ ಕೊಟ್ಟಷ್ಟ ಐತಿ. ಇಪ್ಪತ್ತೈದು ಟನ್ನಿಗೆ ಮಾಡಿದ ಡ್ರಮ್ಮು ಮೂವತ್ತೈದು ಟನ್ ಹೆಂಗ ಹಿಡಿತೈತಿ? ಆ ಹುಡುಗನ ಕಾಲು ನಮ್ಮ ಲೆಕ್ಕಕ್ಕೂ ಬರ್ತೈತಿ. ನಾ ಇನ್ನ ಮ್ಯಾಲ ಈ ಕೆಲಸಕ್ಕ ಕೈ ಹಚ್ಚಂಗಿಲ್ಲ."

ಆ ತಿಂಗಳ ಆದಾಯದಲ್ಲಿ ಮೂರರಲ್ಲಿ ಒಂದು ಪಾಲು ಪಟ್ಟಿ ಕೆಲಸದ್ದು. ರಾತ್ರಿಯೆಲ್ಲ ಲೆಕ್ಕ ಹಾಕಿದೆ. ಕಾಕಾ ಹೇಳಿದ್ದು ಕಮ್ಮಾರಿಕೆಯ ಸರಳ ಸತ್ಯ, ಅದನ್ನು ನಾನು ಮೊದಲಿನಿಂದಲೂ ಬಲ್ಲೆ. ಒಂದು ಕಡೆ ಗಟ್ಟಿ ಮಾಡಿದರೆ ಭಾರ ಕರಗುವುದಿಲ್ಲ, ಮುಂದಿನ ಸಡಿಲ ಜಾಗಕ್ಕೆ ಹೋಗಿ ಕೂರುತ್ತದೆ. ಪಟ್ಟಿಯಿಂದ ಆಕ್ಸಲ್‌ಗೆ, ಆಕ್ಸಲ್‌ನಿಂದ ಹಬ್ಬಿನ ಬೇರಿಂಗಿಗೆ, ಕೊನೆಗೆ ಕ್ಲೀನರ್ ಹುಡುಗನಿಗೆ. ಬೆಳಿಗ್ಗೆ ಮಾಲೀಕರಿಗೆ ಫೋನ್ ಮಾಡಿ ಕಂಪನಿ ಅಳತೆಗಿಂತ ಹೆಚ್ಚು ಪಟ್ಟಿ ಕಟ್ಟುವುದಿಲ್ಲ ಎಂದೆ. ಅವರು ಹದಿನೆಂಟು ಲಾರಿಯನ್ನೂ ಬೇರೆ ಕಡೆ ಒಯ್ದರು. ಹಳೇ ಬಾಕಿ ನಾಲ್ಕು ಲಕ್ಷ ಕೊಡಲಿಲ್ಲ. ಆ ಹುಡುಗನ ಆಸ್ಪತ್ರೆ ಖರ್ಚಿಗೆ ನಾನು ಸ್ವಲ್ಪ ಹಾಕಿದೆ. ಅಷ್ಟರಿಂದ ಅವನ ಕಾಲಿನ ಲೆಕ್ಕ ತೀರುವುದಿಲ್ಲ.

ಆ ಖಾಲಿ ತುಂಬಲು ಕ್ರಷರ್ ಮತ್ತು ಅದಿರು ಜರಡಿ ಹಿಡಿಯುವ ಸ್ಕ್ರೀನಿಂಗ್ ಪ್ಲಾಂಟಿನ ಕೆಲಸ ಹಿಡಿದೆ. ಹಾಪರ್, ಜಾಲರಿ, ಅದಿರು ಜಾರುವ ಚ್ಯೂಟು, ಜೆಸಿಬಿ ಬಕೆಟ್ಟಿನ ಹಲ್ಲಿಗೆ ಸವೆಯದಂತೆ ಗಟ್ಟಿ ಲೋಹದ ಪದರ ಬೆಸೆಯುವ ಹಾರ್ಡ್‌ಫೇಸಿಂಗ್. ಅದಿರು ದಪ್ಪ ತಗಡನ್ನೂ ಕೆಲವೇ ತಿಂಗಳಲ್ಲಿ ಕಾಗದದಂತೆ ಸವೆಸುತ್ತದೆ. ಎಲ್ಲಿ ಸವೆಯುತ್ತದೆ, ಯಾವ ಕೋನಕ್ಕೆ ಬಿದ್ದರೆ ಹೆಚ್ಚು ಸವೆಯುತ್ತದೆ, ಯಾವ ರಾಡ್ ಹಾಕಿದರೆ ಎಷ್ಟು ದಿನ ಬರುತ್ತದೆ ಎಂದು ಕಾಕಾ ಒಂದು ನೋಟ್‌ಬುಕ್ಕಿನಲ್ಲಿ ಬರೆಸುತ್ತಾ ಹೋದರು. ಅವರಿಗೆ ಓದು ಬರುತ್ತಿರಲಿಲ್ಲ. ಹೇಳುತ್ತಿದ್ದರು, ಹುಡುಗರು ಬರೆಯುತ್ತಿದ್ದರು.

2008ರ ಕೊನೆಗೆ ಮೊದಲ ಪೆಟ್ಟು ಬಿತ್ತು. ಒಲಿಂಪಿಕ್ಸ್ ಮುಗಿಯಿತು, ಅಮೆರಿಕದಲ್ಲಿ ಬ್ಯಾಂಕುಗಳು ಬಿದ್ದವು, ವರ್ಷದ ಆರಂಭದಲ್ಲಿದ್ದ ಅದಿರಿನ ಬೆಲೆ ಮೂರರಲ್ಲಿ ಒಂದು ಭಾಗದ ಆಸುಪಾಸಿಗೆ ಇಳಿಯಿತು. ಬೈಪಾಸಿನ ಎರಡೂ ಬದಿ ಲಾರಿಗಳು ಸಾಲಾಗಿ ನಿಂತವು. ಅವುಗಳ ಕೆಳಗೆ ಡ್ರೈವರುಗಳು ಮೂರು ಕಲ್ಲಿಟ್ಟು ಅನ್ನ ಮಾಡಿಕೊಳ್ಳುತ್ತಿದ್ದರು. ಆಗ ನನಗೆ ಸ್ಪಷ್ಟವಾಗಿ ಕಂಡಿತ್ತು, ಈ ವ್ಯವಹಾರದಲ್ಲಿ ಬೆಲೆ ಕಟ್ಟುವವನು ನಮ್ಮ ರಾಜ್ಯದಲ್ಲೇ ಇಲ್ಲ, ನಮ್ಮ ದೇಶದಲ್ಲೂ ಇಲ್ಲ. ನನ್ನ ಕೈಯಲ್ಲಿರುವುದು ನಾನು ಮಾಡುವ ಸಾಲ, ನಾನು ಕೊಡುವ ಉದ್ರಿ, ನನ್ನ ಜನ, ಇಷ್ಟು ಮಾತ್ರ. ಉದ್ರಿಯನ್ನು ಮೂವತ್ತು ದಿನಕ್ಕೆ ಕಟ್ಟುಮಾಡಿದೆ.

ಕಂಡದ್ದು ಬಹಳ ದಿನ ಉಳಿಯಲಿಲ್ಲ. 2009ರಲ್ಲಿ ಬೆಲೆ ಮತ್ತೆ ಏರಿತು, ಎಲ್ಲರ ಜೊತೆ ನಾನೂ ಮರೆತೆ. 2010ರ ಮೊದಲಲ್ಲಿ ಸಾಲ ಮಾಡಿ ಪ್ಲೇಟ್ ಕತ್ತರಿಸುವ ದೊಡ್ಡ ಮಷಿನ್ ತಂದೆ, ಕಂತು ತಿಂಗಳಿಗೆ 78,000. ಆ ಜುಲೈನಲ್ಲೇ ರಾಜ್ಯ ಸರ್ಕಾರ ರಫ್ತಿನ ಅದಿರಿಗೆ ಪರ್ಮಿಟ್ ನಿಲ್ಲಿಸಿತು. ಅಕ್ರಮ ಗಣಿಗಾರಿಕೆ ಬಗ್ಗೆ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ಮೊದಲ ವರದಿ 2008ರಲ್ಲೇ ಬಂದಿತ್ತು. ಸೂಚನೆಗಳಿಗೆ ಕೊರತೆ ಇರಲಿಲ್ಲ. ನಾನು ಉದ್ರಿಯನ್ನೂ ಮತ್ತೆ ಸಡಿಲ ಬಿಟ್ಟಿದ್ದೆ, ಪಕ್ಕದ ವರ್ಕ್‌ಶಾಪಿನವರು ಮೂರು ತಿಂಗಳು ಕೊಡುತ್ತಾರೆ ಎಂಬ ಭಯಕ್ಕೆ.

2011ರ ಜುಲೈ 29, ಶುಕ್ರವಾರ. ಮರುದಿನ ಅಮಾವಾಸ್ಯೆ. ಲಾರಿಗಳಿಗೆ ಕಾಯಿ ಒಡೆದು ನಿಂಬೆಹಣ್ಣು ಕಟ್ಟಲು ಹುಡುಗರು ಸಂತೆಯಿಂದ ಬುಟ್ಟಿ ತುಂಬ ನಿಂಬೆ ತಂದಿಟ್ಟಿದ್ದರು. ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು ಟಿವಿಯಲ್ಲಿ ಬಂತು. ಎರಡು ದಿನದ ಹಿಂದಷ್ಟೇ ಲೋಕಾಯುಕ್ತರ ಎರಡನೇ ವರದಿ ಬಂದಿತ್ತು. ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರಿಗೂ ಆದೇಶ ವಿಸ್ತರಿಸಿತು. ಸರ್ಕಾರಿ ಕಂಪನಿ ಎನ್‌ಎಂಡಿಸಿಗೆ ಮಾತ್ರ ತಿಂಗಳಿಗೆ 10 ಲಕ್ಷ ಟನ್ ತೆಗೆಯಲು ಬಿಟ್ಟರು. ಕೋರ್ಟಿನ ಆದೇಶ ಸರಿ ಎಂದೇ ನನಗೆ ಅಂದೂ ಅನಿಸಿತು, ಇಂದೂ ಅನಿಸುತ್ತದೆ. ಸಂಡೂರಿನ ಗುಡ್ಡ ಕರಗುವುದನ್ನು, ಕುಮಾರಸ್ವಾಮಿ ಗುಡಿಯ ದಾರಿಯ ಮರದೆಲೆಗಳು ಮಳೆಗಾಲದಲ್ಲೂ ಕೆಂಪಾಗಿರುವುದನ್ನು ನೋಡಿದ ಯಾರೂ ಬೇರೆ ಹೇಳಲಾರರು. ಆದರೆ ಆ ಸಂಜೆ ನನ್ನ ಶೆಡ್ಡಿನಲ್ಲಿ 34 ಜನ ಇದ್ದರು.

ವಾರವಿಡೀ ಲೆಕ್ಕ ತೆಗೆದೆ. ಬ್ಯಾಂಕಿನಲ್ಲಿ ಒಂಬತ್ತು ಲಕ್ಷ. ಬರಬೇಕಾದ ಬಾಕಿ ನಲವತ್ತೊಂದು ಲಕ್ಷ, ಅದರಲ್ಲಿ ಬರುವುದೆಷ್ಟು ದೇವರಿಗೇ ಗೊತ್ತು. ತಿಂಗಳ ಸಂಬಳ ಮೂರು ಲಕ್ಷ ಇಪ್ಪತ್ತು ಸಾವಿರ, ಮಷಿನ್ ಕಂತು, ಬಾಡಿಗೆ, ಕರೆಂಟು. ಎರಡು ತಿಂಗಳು ನೂಕಬಹುದು. ಹೆಂಡತಿ ಕೇಳಿದಳು, "ಇದನ್ನ ಅವರಿಗೆ ಹೇಳೀರೇನು?" ಹೇಳಿದರೆ ಎಲ್ಲರೂ ನಾಳೆಯೇ ಓಡಿಹೋಗುತ್ತಾರೆ ಎಂದೆ. "ಹೇಳದಿದ್ರ ಎರಡು ತಿಂಗಳು ಬಿಟ್ಟು ಕೈಯಾಗ ಏನೂ ಇಲ್ಲದಂಗ ಓಡ್ತಾರ" ಎಂದಳು.

ಭಾನುವಾರ ಎಲ್ಲರನ್ನೂ ಶೆಡ್ಡಿಗೆ ಕರೆದು ಖಾತೆ ಪುಸ್ತಕ ತೆರೆದು ಪ್ರತಿ ಸಾಲು ಓದಿದೆ. ಯಾರು ಎಷ್ಟು ಬಾಕಿ, ನನ್ನ ಸಾಲ ಎಷ್ಟು, ನಾನು ಮನೆಗೆ ಒಯ್ಯುತ್ತಿದ್ದದ್ದು ಎಷ್ಟು. ಕೊನೆಯದನ್ನು ಓದುವಾಗ ನಾಲಿಗೆ ತಡವರಿಸಿತು. ಕೇಳಿಸಿಕೊಂಡ ಒಬ್ಬ ಹುಡುಗ, "ಸಾವ್ಕಾರ್ರ, ನಿಮ್ಮ ಹಂತ್ಯಾಕ ಕೋಟಿ ಇರಬಹುದು ಅಂದ್ಕೊಂಡಿದ್ವಿ" ಎಂದ. ಆಮೇಲೆ ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ನಾನು ಇಟ್ಟ ಮಾತು ಇಷ್ಟು: ಇರುವವರಿಗೆ ವಾರಕ್ಕೆ ನಾಲ್ಕು ದಿನ ಕೆಲಸ, ನಾಲ್ಕು ದಿನದ ಸಂಬಳ. ನಾನು ಕಾಕಾನಷ್ಟೇ ಒಯ್ಯುತ್ತೇನೆ. ಹೋಗುವವರಿಗೆ ಒಂದು ತಿಂಗಳ ಸಂಬಳ ಕೈಗೆ, ಜೊತೆಗೆ ಪಿಎಫ್ ಕಾಗದ ನಾನೇ ಮಾಡಿಸಿಕೊಡುತ್ತೇನೆ.

ಹದಿನೈದು ಜನ ಹೊರಟರು. ಮದುವೆಯಾಗದ ಹುಡುಗರು ಪುಣೆ, ಬೆಂಗಳೂರು ಎಂದು ಹೋದರು, ನಾಲ್ಕು ಜನ ಹೊಲಕ್ಕೆ ಮರಳಿದರು. ಎರಡು ತಿಂಗಳು ಕಳೆದ ಮೇಲೆ ಅವರ ಪಿಎಫ್ ಹಣ ಬಂತು. ಐದು ವರ್ಷ ಬೈದುಕೊಂಡೇ ಕಟ್ಟಿದ ಹಣ. ಒಬ್ಬ ಅದರಲ್ಲಿ ತಂಗಿಯ ಮದುವೆ ಮಾಡಿದ, ಇನ್ನೊಬ್ಬ ಕೊಳವೆಬಾವಿ ಹಾಕಿಸಿದ. ಬೀದಿ ತುಂಬ ವರ್ಕ್‌ಶಾಪುಗಳು ಬೀಗ ಹಾಕಿದ ಆ ದಿನಗಳಲ್ಲಿ, ಕೈಯಲ್ಲಿ ಏನೋ ಒಂದಿಷ್ಟು ಹಿಡಿದು ಹೋದವರು ನನಗೆ ಗೊತ್ತಿದ್ದಂತೆ ನಮ್ಮ ಶೆಡ್ಡಿನವರೇ.

2007ರಲ್ಲಿ ನನ್ನನ್ನು ಬಿಟ್ಟು ಲಾರಿ ಕೊಂಡಿದ್ದ ವೆಲ್ಡರ್ ಆ ಸೆಪ್ಟೆಂಬರಿನಲ್ಲಿ ಬಂದ. ಫೈನಾನ್ಸಿನವರು ಲಾರಿ ಎಳೆದುಕೊಂಡು ಹೋಗಿದ್ದರು. ಕೆಲಸ ಕೇಳಿದ. ಇದ್ದವರಿಗೇ ನಾಲ್ಕು ದಿನ ಎಂದು ಹೇಳಿ ಕಳಿಸಿದೆ. ಅವನು ಗೋವಾಕ್ಕೆ ಹೋದ, ಅಲ್ಲಿನ ಗಣಿಯಲ್ಲಿ ಕೆಲಸ ಸಿಕ್ಕಿತು. 2012ರ ಸೆಪ್ಟೆಂಬರಿನಲ್ಲಿ ಗೋವಾದಲ್ಲೂ ಗಣಿ ನಿಂತಿತು. ಆಮೇಲೆ ಅವನ ಸುದ್ದಿ ಸಿಗಲಿಲ್ಲ. ಅವನ ಕೈ ಬಹಳ ಒಳ್ಳೆಯದು. ಓವರ್‌ಹೆಡ್ ವೆಲ್ಡಿಂಗಿನಲ್ಲಿ ಅವನಂಥವನನ್ನು ನಾನು ಮತ್ತೆ ನೋಡಿಲ್ಲ. 34 ಜನರ ಲೆಕ್ಕದಲ್ಲಿ ಅವನಿರಲಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿರುತ್ತೇನೆ. ಆದರೂ ಅವನನ್ನು ಐದನೆಯ ದಿನಕ್ಕಾದರೂ ಇಟ್ಟುಕೊಳ್ಳಬಹುದಿತ್ತು.

ಉಳಿದ ಹತ್ತೊಂಬತ್ತು ಜನಕ್ಕೆ ಕೆಲಸ ತರಬೇಕಿತ್ತು. ಗಣಿಗಾರಿಕೆ ಭರಾಟೆಯಲ್ಲಿ ಕೊಂಡಿದ್ದ ಎರಡು ಸೈಟಿನಲ್ಲಿ ಒಂದನ್ನು ಅರ್ಧ ಬೆಲೆಗೆ ಮಾರಿ ಮಷಿನ್ ಕಂತು ಕಟ್ಟಿದೆ. ನಾನು, ಕಾಕಾ ಬೈಕಿನಲ್ಲಿ ಹೊಳೆ ದಾಟಿ ಗಂಗಾವತಿಯ ರೈಸ್ ಮಿಲ್ಲುಗಳಿಗೆ ತಿರುಗಿದೆವು. ಎಂಟು ವರ್ಷ ನಮ್ಮ ಮನೆಬಾಗಿಲಿಗೆ ಗಿರಾಕಿ ಬಂದಿದ್ದರು, ಈಗ ಗೇಟಿನಲ್ಲಿ ಕೂತು ಕಾಯುವುದು. ಮೊದಲ ಹತ್ತು ಮಿಲ್ಲಿನವರು ಗಣಿಯವರು ಎಂದೊಡನೆ ಕೈಯಾಡಿಸಿದರು. ನಮ್ಮ ರೇಟು ಹೆಚ್ಚು, ಕೆಲಸ ಒರಟು ಎಂಬ ಹೆಸರು ಹೊಳೆಯಾಚೆಗೂ ಹೋಗಿತ್ತು. ಅದು ಸುಳ್ಳಾಗಿರಲಿಲ್ಲ. ಗಣಿಯವರು ಬಂದರೆ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ಯಾವಾಗ ಕೊಡ್ತೀರಿ? ಮಿಲ್ಲಿನವರು ಕೇಳಿದ್ದು, ಎಷ್ಟು ವರ್ಷ ಬರ್ತೈತಿ? ಎಂಟು ವರ್ಷದಲ್ಲಿ ಆ ಪ್ರಶ್ನೆಗೆ ಉತ್ತರ ಕೊಡುವ ಅಭ್ಯಾಸವೇ ನಮಗೆ ತಪ್ಪಿಹೋಗಿತ್ತು.

ಕೈಹಿಡಿದದ್ದು ಕಾಕಾನ ನೋಟ್‌ಬುಕ್ಕು. ಒಂದು ಮಿಲ್ಲಿನಲ್ಲಿ ಭತ್ತದ ಹೊಟ್ಟು ಊದುವ ಪೈಪಿನ ತಿರುವು ಪದೇಪದೇ ತೂತಾಗುತ್ತಿತ್ತು. ಹೊಟ್ಟು ಕೈಗೆ ಹಗುರ, ಆದರೆ ಅದರಲ್ಲಿ ಸಿಲಿಕಾ ಇರುತ್ತದೆ, ಮರಳು ಕಾಗದದಂತೆ ತಗಡು ಉಜ್ಜುತ್ತದೆ. ಕಾಕಾ ಪೈಪನ್ನು ಬೆರಳಿನಿಂದ ತಟ್ಟಿ ನೋಡಿ, "ಇದು ನಮ್ಮ ಚ್ಯೂಟಿನ ರೋಗಾನ" ಎಂದರು. ತಿರುವಿನ ಹೊರಮೈಗೆ ಅದಿರಿನ ಚ್ಯೂಟಿಗೆ ಹಾಕುತ್ತಿದ್ದಂಥ ಗಟ್ಟಿ ಪದರ ಕೊಟ್ಟು, ಬೋಲ್ಟು ಬಿಚ್ಚಿ ಬದಲಿಸುವಂತೆ ಮಾಡಿಕೊಟ್ಟೆವು. ಆ ಸುಗ್ಗಿ ಮುಗಿದರೂ ಅದು ತೂತಾಗಲಿಲ್ಲ. ಮುಂದಿನ ಸುಗ್ಗಿಗೆ ಮೊದಲು ಏಳು ಮಿಲ್ಲಿನವರು ಕರೆದರು. ಆಮೇಲೆ ಭತ್ತ ಬೇಯಿಸುವ ಟ್ಯಾಂಕು, ಎಲಿವೇಟರ್ ಬಕೆಟ್ಟು ಎಲ್ಲ ಬಂದವು. ಕಿಲೋ ಕಿಲೋಗೆ ಚೌಕಾಶಿ ಮಾಡುತ್ತಾರೆ, ದುಡ್ಡು ನಿಧಾನ ಕೊಡುತ್ತಾರೆ. ಆದರೆ ಇವತ್ತಿನವರೆಗೆ ಗಂಗಾವತಿಯಲ್ಲಿ ನನ್ನ ಒಂದು ರೂಪಾಯಿಯೂ ಮುಳುಗಿಲ್ಲ. ಗಣಿಯ ನಲವತ್ತೊಂದು ಲಕ್ಷದಲ್ಲಿ ಹದಿಮೂರು ಬಂತು.

2013ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟ್ ಅಂತಿಮ ತೀರ್ಪು ಕೊಟ್ಟಿತು. ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಅತಿ ಹೆಚ್ಚು ಅಕ್ರಮ ಮಾಡಿದ ಸಿ ವರ್ಗದ ಗುತ್ತಿಗೆ ರದ್ದು. ರಾಜ್ಯಕ್ಕೆ ವರ್ಷಕ್ಕೆ 3 ಕೋಟಿ ಟನ್ ಮಿತಿ, ಮಾರಾಟ ಇ-ಹರಾಜಿನಲ್ಲಿ. ಮತ್ತೆ ಗಣಿಯ ಕೆಲಸ ಬಂತು, ಆದರೆ ಬೇರೆ ಥರದ್ದು: ನೀರು ಚಿಮುಕಿಸುವ ಟ್ಯಾಂಕರು, ಮಣ್ಣು ಕೊಚ್ಚಿಹೋಗದ ಹಾಗೆ ತಡೆಯುವ ಕಟ್ಟೆಗೆ ಬೇಕಾದ ಜಾಲರಿ, ವೇಬ್ರಿಡ್ಜಿನ ಫ್ರೇಮು. ಗೇಟಿನಲ್ಲಿ ಪಿಎಫ್ ನಂಬರ್, ಕಾರ್ಮಿಕರ ಚಿಕಿತ್ಸೆಯ ವಿಮೆಯಾದ ಇಎಸ್‌ಐ, ಸೇಫ್ಟಿ ಬೆಲ್ಟ್ ಕೇಳುತ್ತಿದ್ದರು. ನಮ್ಮಲ್ಲಿ ಕಾಗದ ಸಿದ್ಧವಿತ್ತು. ಕಾಗದವಿಲ್ಲದ ಎಷ್ಟೋ ಒಳ್ಳೆಯ ಕುಶಲಕರ್ಮಿಗಳು ಗೇಟಿನ ಹೊರಗೇ ಉಳಿದರು, ಆ ಬಗ್ಗೆ ನನಗೆ ಬೇಸರವಿದೆ.

ಆಗಲೇ ಒಂದು ಕಟ್ಟು ಹಾಕಿಕೊಂಡೆವು. ವರ್ಷದ ಕೆಲಸದಲ್ಲಿ ಗಣಿಯದು ಅರ್ಧ ಮೀರಬಾರದು. ಬರೆದು ಗೋಡೆಗೆ ಅಂಟಿಸಿದ್ದೇವೆ. ನಾನು ಮೀರಲು ಹೋದರೆ ಕೇಳುವ ಹಕ್ಕು ಶೆಡ್ಡಿನಲ್ಲಿ ಯಾರಿಗಾದರೂ ಇದೆ, ಎರಡು ಸಲ ಕೇಳಿದ್ದಾರೆ. ಒಂದು ಸಲ ನಾನು ನಿಜಕ್ಕೂ ಕೋಪ ಮಾಡಿಕೊಂಡೆ, ಸಂಜೆಗೆ ಆರ್ಡರ್ ವಾಪಸ್ ಕಳಿಸಿದೆ. ಪ್ರತಿ ಮೂರು ತಿಂಗಳಿಗೆ ಖಾತೆ ಓದುವುದನ್ನೂ ನಿಲ್ಲಿಸಿಲ್ಲ.

2022ರ ಮೇ ತಿಂಗಳಲ್ಲಿ ಕೋರ್ಟ್ ಹರಾಜಿನಾಚೆ ಮಾರಲು, ರಫ್ತು ಮಾಡಲು ಒಪ್ಪಿತು. ಆಗಸ್ಟಿನಲ್ಲಿ ಬಳ್ಳಾರಿಯ ಮಿತಿ, ನಡುವೆ ಒಮ್ಮೆ ಏರಿಸಿದ್ದ 2.8 ಕೋಟಿ ಟನ್ನಿನಿಂದ 3.5 ಕೋಟಿಗೆ, ಚಿತ್ರದುರ್ಗ ಮತ್ತು ತುಮಕೂರಿನದು 70 ಲಕ್ಷದಿಂದ 1.5 ಕೋಟಿಗೆ ಏರಿತು. ಅಷ್ಟರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಯ ಕೇಂದ್ರವಾಗಿತ್ತು, ಸೈಟಿನ ಬೆಲೆ ಮತ್ತೆ ಏರತೊಡಗಿತ್ತು. ಗಣಿಯಿಂದ ತೋರಣಗಲ್ಲಿನ ಕಾರ್ಖಾನೆ ಕಡೆಗೆ ಪೈಪ್ ಕನ್ವೇಯರ್ ಬಂದಿದೆ, ಅದಿರು ಮುಚ್ಚಿದ ಕೊಳವೆಯಲ್ಲಿ ಹೋಗುತ್ತದೆ, ರಸ್ತೆಗೆ ಧೂಳಿಲ್ಲ. ಲಾರಿಯ ಹುಡುಗರ ಅನ್ನಕ್ಕೆ ಇದು ಪೆಟ್ಟು ಎಂಬುದೂ ನಿಜ, ಸಂಡೂರಿನ ಮಕ್ಕಳ ಎದೆಗೆ ಒಳ್ಳೆಯದು ಎಂಬುದೂ ನಿಜ. ಎರಡನ್ನೂ ಒಟ್ಟಿಗೆ ಹಿಡಿದುಕೊಂಡೇ ನಾವಿಲ್ಲಿ ಬದುಕಬೇಕು.

ಕಾಕಾ 2019ರಲ್ಲಿ ಕೆಲಸ ಬಿಟ್ಟರು. ಊರಿನಲ್ಲಿದ್ದಾರೆ, ಕಣ್ಣು ಮಂಜಾಗಿದೆ. ನೋಟ್‌ಬುಕ್ಕುಗಳು ಈಗ ಹನ್ನೊಂದಾಗಿವೆ. ಲೆಕ್ಕ ಪತ್ರ ನೋಡುವವಳು ಮಗಳು, ಮೆಕ್ಯಾನಿಕಲ್ ಓದಿದವಳು. ಹೋದ ತಿಂಗಳು ಅವಳು ಇನ್ನೊಂದು ಕಟಿಂಗ್ ಮಷಿನ್ ತರೋಣ ಎಂದಳು. ಗಣಿಯವರಿಂದ ಮೂರು ವರ್ಷದ ಕೆಲಸ ಕೈಗೆ ಬಂದಿದೆ, ಅದರಲ್ಲೇ ಕಂತು ತೀರುತ್ತದೆ ಎಂದು ಕಾಗದದ ಮೇಲೆ ಹಾಕಿ ತೋರಿಸಿದಳು. ಲೆಕ್ಕ ತಪ್ಪಿರಲಿಲ್ಲ. "ಗಣಿ ಸಾಲು ಹೊಡೆದು ಹಾಕಿ, ಮಿಲ್ಲಿನ ದುಡ್ಡಿನಾಗಷ್ಟ ಕಂತು ಕಟ್ಟಾಕ ಬರ್ತೈತೇನು ನೋಡವ್ವ" ಎಂದೆ. ಎರಡು ದಿನ ಕೂತು ಲೆಕ್ಕ ಮಾಡಿದಳು. ದೊಡ್ಡ ಮಷಿನ್‌ಗೆ ಬರಲಿಲ್ಲ, ಚಿಕ್ಕದಕ್ಕೆ ಬಂತು. ಚಿಕ್ಕದಕ್ಕೆ ಅಡ್ವಾನ್ಸ್ ಕೊಟ್ಟಿದ್ದೇವೆ.